ಹನ್ನೆರಡು ದಿನದ ಮುಯ್ಯಾಳು

ಜಾತಿನಾಯಿ ಸಾಕಬೇಕೆಂಬ ಆಸೆ ನಮ್ಮ ರೇಣುಕಾಪ್ರಸಾದನಿಗೆ ಹುಟ್ಟಿದ್ದು ಕೊಪ್ಪದ ಒಂದು ಟೀ ಅಂಗಡಿಯ ಮುಂದೆ. ಅವನ ಆಸೆಗಳು ಸಾಮಾನ್ಯವಾಗಿ ಟೀ ಅಂಗಡಿಗಳ ಮುಂದೆಯೇ ಹುಟ್ಟುತ್ತಿದ್ದವು. ಎಮು ಕೋಳಿ ಸಾಕುವ ಆಸೆ ಹೀಗೆಯೇ ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಹುಟ್ಟಿ, ಆರು ತಿಂಗಳ ಮೇಲೆ ನಮ್ಮೂರಿನ ಹಿತ್ತಿಲಲ್ಲಿ ಕಣ್ಣು ಮುಚ್ಚಿತ್ತು.

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ನಾನಾಗ ನಮ್ಮೂರಿನ ಹಾಲಿನ ಡೈರಿಯ ಕಾರ್ಯದರ್ಶಿ. ದಿನಕ್ಕೆ ಎರಡು ಸಲ ಹಾಲಿನ ಡಿಗ್ರಿ ನೋಡುವವನಿಗೆ ಹಾಲು ತಂದವರ ಡಿಗ್ರಿಯೂ ತಾನಾಗಿ ತಿಳಿಯುತ್ತದೆ. ರೇಣುಕಾಪ್ರಸಾದ ನನಗೆ ಚಿಕ್ಕಪ್ಪನ ಮಗ. ಒಳ್ಳೆಯವನು, ನೀರು ಸ್ವಲ್ಪ ಜಾಸ್ತಿ.

ಟಿಲ್ಲರಿನ ಬೆಲ್ಟ್ ತರಲೆಂದು ಇಬ್ಬರೂ ಪಿರಿಯಾಪಟ್ಟಣದಾಚೆಯ ಆ ಕೊಪ್ಪಕ್ಕೆ ಹೋಗಿದ್ದೆವು. ಟೀ ಕುಡಿಯುತ್ತಿರುವಾಗ ಒಂದು ಹಳೆಯ ಜೀಪು ಬಂದು ನಿಂತಿತು. ಅದರಿಂದ ಒಬ್ಬ ಕೊಡವ ಮುದುಕರು ಇಳಿದರು, ಅವರ ಹಿಂದೆ ಕಪ್ಪು ಬಿಳುಪಿನ, ಗುಂಗುರು ರೋಮದ ಒಂದು ಹೆಣ್ಣು ನಾಯಿ ಇಳಿಯಿತು. ಮುದುಕರು ತೋಟ ಮಾರಿ ಮೈಸೂರಿನಲ್ಲಿ ಮಗಳ ಮನೆ ಸೇರಲು ಹೊರಟಿದ್ದರು. ನಾಲ್ಕನೆಯ ಮಹಡಿಯ ಮನೆಗೆ ಈ ನಾಯಿ ಒಗ್ಗುವುದಿಲ್ಲವಂತೆ. ಯಾರಾದರೂ ನೆಲ ಇರುವವರಿಗೆ ಕೊಡಬೇಕೆಂದು ನೋಡುತ್ತಿದ್ದರು.

"ಯಾವ ಜಾತಿ ಸಾರ್?" ಎಂದ ರೇಣುಕಾಪ್ರಸಾದ.

"ಬಾರ್ಡರ್ ಕೋಲಿ. ಹೆಸರು ಮೆಗ್. ನೋಡಿ ಮಾರಾಯ್ರೆ, ಒಂದು ವಿಷಯ ಹೇಳ್ತೇನೆ. ಊಟ ಒಂದು ಹೊತ್ತು ತಪ್ಪಿದ್ರೂ ಇದು ಸುಮ್ಮನಿರ್ತದೆ. ಕೆಲಸ ತಪ್ಪಿದ್ರೆ ಇರೋದಿಲ್ಲ. ನೀವು ಕೊಡದಿದ್ರೆ ಅದೇ ಹುಡುಕಿಕೊಳ್ತದೆ."

"ನಮ್ಮನೇಲಿ ಕೆಲ್ಸಕ್ಕೆ ಬರವಾ ಸಾರ್? ಎರಡು ಎಕರೆ ನಾಲೆ ಬಯಲು!"

ನಾನು ಟೀ ಲೋಟ ನೋಡಿಕೊಂಡು ಕೂತೆ. ಕೆಲಸ ಕಂಡರೆ ನಲವತ್ತಾರು ವರ್ಷದಿಂದ ಬದು ಹತ್ತಿ ನಿಲ್ಲುತ್ತಿದ್ದ ಮನುಷ್ಯನ ತೊಡೆಯ ಮೇಲೆ, ಕೆಲಸವಿಲ್ಲದೆ ಬದುಕಲಾರದ ಜೀವವೊಂದು ಆ ಹೊತ್ತಿಗಾಗಲೇ ತಲೆಯಿಟ್ಟಿತ್ತು.

ಬಸ್ಸಿನಲ್ಲಿ ಬರುತ್ತಾ ಅವನು ಪಕ್ಕದ ಸೀಟಿನವರಿಗೆ ಹೇಳಿದ್ದು: "ಬಾರ್ಡರ್ ನಾಯಿ. ಗಡಿ ಕಾಯೋದು. ಪಾಕಿಸ್ತಾನದ ಕಡೆ ನಿಂತಿದ್ದೇನೋ, ಈಗ ರಿಟೈರು."

ಮನೆಯಲ್ಲಿ ಮೊದಲ ತನಿಖೆ ನಡೆಸಿದವರು ಅವನ ತಾಯಿ, ನಮ್ಮ ಚಿಕ್ಕವ್ವ ಶಿವನಂಜಮ್ಮ.

"ಇದು ಏನ್ ತಿಂತದೆ?"

"ಏನ್ ಕೊಟ್ರೂ ತಿಂತದೆ ಅವ್ವ."

"ಅಂದ್ರೆ ಮುದ್ದೆ, ಮಜ್ಜಿಗೆ. ಈ ಮನೇಲಿ ಮೊಟ್ಟೆ ಅನ್ನೋ ಮಾತು ಕೂಡ ಆಡಂಗಿಲ್ಲ, ಗೊತ್ತಲ್ಲ?"

ಊರಿನ ಬಾಯಲ್ಲಿ ಮೆಗ್ ಎರಡೇ ದಿನಕ್ಕೆ ಮ್ಯಾಗಿಯಾದಳು. ಮೂರನೆಯ ದಿನ ಕೆಲಸ ಹುಡುಕಿಕೊಂಡಳು.

ಅಂದು ರೇಣುಕಾಪ್ರಸಾದನ ಹೆಂಡತಿ ಪುಷ್ಪಾ ರೇಷನ್ ತರಲು ಹೋಗಿದ್ದಳು. ಹನ್ನೆರಡು ಗಂಟೆಗೆ ಮರಳಿ ಬಂದು ನೋಡಿದರೆ ಮನೆ ಖಾಲಿ. ಹಿತ್ತಿಲಿಗೆ ಹೋದಳು. ಹುಲ್ಲಿನ ಮೆದೆಯ ಮೂಲೆಯಲ್ಲಿ ಒತ್ತಾಗಿ ನಿಂತಿದ್ದವು: ಪಕ್ಕದ ಮನೆಯ ಹನ್ನೊಂದು ಕೋಳಿ, ಎರಡು ಕರು, ಅವಳ ಅತ್ತೆ ಮತ್ತು ಕರೆಂಟಿನ ಮೀಟರ್ ಓದುವವನು. ಮುಂದೆ ಹತ್ತು ಅಡಿ ದೂರದಲ್ಲಿ ಮ್ಯಾಗಿ ನೆಲಕ್ಕೆ ಹೊಟ್ಟೆಯಂಟಿಸಿ ಮಲಗಿ, ಕಣ್ಣು ಮಿಟುಕಿಸದೆ ಅವರನ್ನು ನೋಡುತ್ತಿದ್ದಳು.

"ಅತ್ತೆ, ಕಚ್ತಾ?"

"ಕಚ್ಚಲ್ಲ ಕಣವ್ವ. ಬೊಗಳೋದೂ ಇಲ್ಲ. ಆದ್ರೆ ಹೋಗಕ್ಕೂ ಬುಡಲ್ಲ. ಬರೀ ನೋಡ್ತದೆ. ನಮ್ಮತ್ತೆ ನೋಡ್ತಿದ್ರಲ್ಲ, ಥೇಟ್ ಅಂಗೇ ನೋಡ್ತದೆ."

"ನಾನು ಒಂದು ಗಂಟೆಯಿಂದ ಇಲ್ಲೇ ಇದೀನಿ ಮೇಡಂ," ಎಂದ ಮೀಟರಿನವನು. ಆ ತಿಂಗಳ ಬಿಲ್ಲನ್ನು ಅವನು ಮೀಟರಿನ ಮುಖ ನೋಡದೆ, ಮೆದೆಯ ಮೂಲೆಯಿಂದಲೇ ಅಂದಾಜಿಗೆ ಕೊಟ್ಟುಹೋದ.

ಈಗ ನೆನೆದರೆ ಗೊತ್ತಾಗುತ್ತದೆ, ಆ ನಾಯಿಯ ತಲೆಯಲ್ಲಿ ಇದ್ದದ್ದು ಒಂದೇ ನಂಬಿಕೆ: ಚದುರಿ ಹೋದದ್ದನ್ನು ಒಂದು ಕಡೆ ಸೇರಿಸಬೇಕು. ಆದರೆ ಆವತ್ತು ಊರಿಗೆ ಕಂಡದ್ದು ಹುಚ್ಚುನಾಯಿ. ರೇಣುಕಾಪ್ರಸಾದನಿಗೆ ಕಂಡದ್ದು ಟ್ರೈನಿಂಗಿನ ಕೊರತೆ.

ಟ್ರೈನಿಂಗ್ ಕೊಡಲು ಕೆ.ಆರ್. ನಗರದಿಂದ ಚೇತನ್‌ಕುಮಾರ್ ಎಂಬ ತರುಣ ಬಂದ. ಕಪ್ಪು ಕನ್ನಡಕ, ಕೊರಳಲ್ಲಿ ಸೀಟಿ, ಸೊಂಟದ ಚೀಲದಲ್ಲಿ ಬಿಸ್ಕತ್ತು. ಅವನದು ಮೂರು ತಿಂಗಳ ಕೋರ್ಸು. ಕೂರು ಎಂದರೆ ಕೂರುವುದು ಐದು ನಿಮಿಷಕ್ಕೆ ಬಂತು. ನಿಲ್ಲುವುದು, ಕೈ ಕೊಡುವುದು, ಚಪ್ಪಲಿ ತರುವುದು ಕಾಲು ಗಂಟೆಗೆ. ಒಂದು ಗಂಟೆಯ ಹೊತ್ತಿಗೆ ಮ್ಯಾಗಿ ಎದುರಿಗೆ ಕೂತು, ತಲೆ ವಾರೆ ಮಾಡಿ, "ಮುಂದೇನು?" ಎನ್ನುವ ಹಾಗೆ ಅವನ ಮುಖ ನೋಡತೊಡಗಿದಳು. ಚೇತನ್‌ಕುಮಾರ್ ಕನ್ನಡಕ ತೆಗೆದು ಬೆವರು ಒರೆಸಿಕೊಂಡ.

"ಕೋರ್ಸು ಮುಗೀತು ಸಾರ್. ಈಗ ನಾನೇನ್ ಮಾಡ್ಲಿ?"

"ಅದನ್ನ ನನ್ ಕೇಳ್ತಿಯಲ್ಲಪ್ಪ!"

"ಇದರ ಎನರ್ಜಿ ಇಳಿಸ್ಬೇಕು ಸಾರ್. ದಿನಾ ಬೆಳಿಗ್ಗೆ ಐದು ಕಿಲೋಮೀಟ್ರು ಓಡ್ಸಿ. ಜೊತೇಲಿ ನೀವೂ ಓಡಿ."

ಮಾರನೆಯ ಬೆಳಿಗ್ಗೆ ನಾಲೆ ಏರಿಯ ಮೇಲೆ ರೇಣುಕಾಪ್ರಸಾದ ಓಡಿದ. ಅವನು ಓಡಿದ್ದನ್ನು ಊರು ಅದುವರೆಗೆ ಎರಡು ಸಲ ಮಾತ್ರ ನೋಡಿತ್ತು. ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಒಮ್ಮೆ, ಎಮು ತಪ್ಪಿಸಿಕೊಂಡಾಗ ಒಮ್ಮೆ. ಬಟ್ಟೆ ಒಗೆಯುತ್ತಿದ್ದ ಭದ್ರಮ್ಮ ಸೋಪು ಬಿಟ್ಟು ಎದ್ದು ನಿಂತಳು.

"ಅಯ್ಯೋ ಪ್ರಸಾದಪ್ಪ! ಯಾರ್ ಓಗ್ಬುಟ್ರು?"

ಉತ್ತರ ಹೇಳಲು ಅವನು ಅಲ್ಲಿರಲಿಲ್ಲ. ಹಗ್ಗದ ಒಂದು ತುದಿಯಲ್ಲಿ ಮ್ಯಾಗಿ ಇದ್ದಳು, ಇನ್ನೊಂದು ತುದಿಯಲ್ಲಿ ಅವನು ಎರಡು ಹೊಲ ದಾಟಿದ್ದ.

ಈ ಭದ್ರಮ್ಮನ ವಿಷಯ ಹೇಳಬೇಕು. ನಮ್ಮ ಬಯಲಿನಲ್ಲಿ ನಾಟಿ ಎಂದರೆ ಭದ್ರಮ್ಮ. ಹದಿನಾಲ್ಕು ಹೆಂಗಸರ ಗುಂಪು ಕಟ್ಟಿಕೊಂಡು, ಎಕರೆಗೆ ಇಷ್ಟು ಎಂದು ಮಾತಾಡಿ, ಬೆಳಿಗ್ಗೆ ಇಳಿದರೆ ಸಂಜೆಗೆ ಗದ್ದೆ ಹಸಿರು. ಅವಳು ಕೊಟ್ಟ ದಿನವೇ ದಿನ. ತಪ್ಪಿದರೆ ಮತ್ತೆ ಹದಿನೈದು ದಿನ ಅವಳ ಕಾಲು ಸಿಕ್ಕುವುದಿಲ್ಲ. ರೇಣುಕಾಪ್ರಸಾದನಿಗೆ ಅವಳು ಆಷಾಢ ಕಳೆದ ಮೊದಲ ಬುಧವಾರ ಕೊಟ್ಟಿದ್ದಳು. ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ಪೈರಿಗೆ ಅಂದಿಗೆ ಇಪ್ಪತ್ತೊಂದು ದಿನ. ಕಣ್ಣಿಗಿಟ್ಟುಕೊಳ್ಳುವ ಹಾಗಿತ್ತು.

ಆ ಬುಧವಾರ ಮ್ಯಾಗಿಯನ್ನು ಪಂಪುಮನೆಯ ಕಂಬಕ್ಕೆ ಕಟ್ಟಿ, ರೇಣುಕಾಪ್ರಸಾದ ಕೊಡೆ ಬಿಚ್ಚಿ ಬದುವಿನ ಮೇಲೆ ನಿಂತ. ಹೆಂಗಸರು ನಲವತ್ತು ಅಡಿ ಉದ್ದಕ್ಕೆ ಸಾಲಾಗಿ ನಿಂತು, ಬಗ್ಗಿ, ನಾಟಿ ಹಾಕುತ್ತಾ ಹಿಂದಕ್ಕೆ ಸರಿಯತೊಡಗಿದರು. ಹತ್ತು ಗಂಟೆಯ ಹೊತ್ತಿಗೆ ಮುಕ್ಕಾಲು ಎಕರೆ ಆಗಿತ್ತು.

ಹದಿನಾಲ್ಕು ಜನ ಹೀಗೆ ಚದುರಿ ನಿಂತದ್ದನ್ನು ಮ್ಯಾಗಿ ಎರಡು ಗಂಟೆ ಸಹಿಸಿದಳು. ಆಮೇಲೆ ಹಗ್ಗ ಕಡಿದಳು.

ಅವಳು ಕೆಸರಿಗೆ ಬಿದ್ದ ಸದ್ದೂ ಆಗಲಿಲ್ಲ. ಬಗ್ಗಿದ್ದವರಿಗೆ ಮೊದಲು ಕಂಡದ್ದು ತಮ್ಮ ಮೊಣಕಾಲಿನ ಎತ್ತರದಲ್ಲಿ ಎರಡು ಕಣ್ಣು. ಸಾಲಿನ ಎಡತುದಿಯವಳು ಬಲಕ್ಕೆ ಸರಿದಳು. ಬಲತುದಿಯವಳು ಎಡಕ್ಕೆ ಸರಿದಳು. ಒಬ್ಬಳು ಬದುವಿಗೆ ಓಡಿದಳು, ಮ್ಯಾಗಿ ಸುತ್ತಿ ಬಂದು ಅವಳನ್ನು ಮರ್ಯಾದೆಯಿಂದ ಮರಳಿ ತಂದಳು. ಐದು ನಿಮಿಷದಲ್ಲಿ ಹದಿನಾಲ್ಕು ಹೆಂಗಸರು ಗದ್ದೆಯ ಈಶಾನ್ಯ ಮೂಲೆಯಲ್ಲಿ ಭುಜಕ್ಕೆ ಭುಜ ತಾಗಿಸಿ, ಕೈಯಲ್ಲಿ ಪೈರಿನ ಕಟ್ಟು ಹಿಡಿದು, ಫೋಟೋಗೆ ನಿಂತವರ ಹಾಗೆ ನಿಂತಿದ್ದರು. ಮಧ್ಯದಲ್ಲಿ ಭದ್ರಮ್ಮ ಸೊಂಟದವರೆಗೆ ಕೆಸರಿನಲ್ಲಿ ಕೂತಿದ್ದಳು.

"ಏನ್ರೀ ಇದು!" ಅವಳ ದನಿ ನಾಲೆಯಾಚೆ ಕೇಳಿಸಿತು. "ಮೂವತ್ ವರ್ಸದಿಂದ ನಾಟಿ ಆಕ್ತಿವ್ನಿ. ಗದ್ದೇಲಿ ಆವು ನೋಡಿವ್ನಿ, ಕಾಕನಕೋಟೆ ಕಡೀಗೆ ಓದಾಗ ಆನೆ ನೋಡಿವ್ನಿ. ನನ್ನ ದನ ಅಟ್ದಂಗೆ ಅಟ್ಟಿದ್ದು ಇದೊಂದೇಯ!"

"ಕಚ್ಚಿಲ್ವಲ್ಲ ಭದ್ರಮ್ಮ. ಅದಕ್ಕೆ ಒಗ್ಗಟ್ಟು ಅಂದ್ರೆ ಇಷ್ಟ..."

"ಒಗ್ಗಟ್ಟು ನಿಮ್ಮನೇಲೇ ಮಡೀಕಳ್ಳಿ! ಏಳ್ರವ್ವ, ಓಗವ. ಈ ಗದ್ದೆಗೆ ಇನ್ ಕಾಲಿಕ್ಕಿದ್ರೆ ನನ್ ಎಸ್ರು ಭದ್ರಿ ಅಲ್ಲ."

ಒಂದೂಕಾಲು ಎಕರೆ ಕೆಸರು ಹಾಗೇ ಉಳಿಯಿತು. ಸುದ್ದಿ ಸಂಜೆಗೆ ಚುಂಚನಕಟ್ಟೆ ಮುಟ್ಟಿತು. ಅಲ್ಲಿ ಮುಟ್ಟುವಾಗ ಹದಿನಾಲ್ಕು ಜನ ಇಪ್ಪತ್ತೆಂಟು ಆಗಿ, ನಾಯಿ ತೋಳವಾಗಿತ್ತು.

ಬೇರೆ ಗುಂಪುಗಳನ್ನು ಹುಡುಕಿ ರೇಣುಕಾಪ್ರಸಾದ ಬೈಕು ಹತ್ತಿದ. ಬೆಳಿಗ್ಗೆ ಹೊರಟರೆ ಕತ್ತಲಾಗುವ ಹೊತ್ತಿಗೆ ವಾಪಸು. ಸುತ್ತಿನ ಯಾವ ಊರಿನಲ್ಲಿ ಹೆಸರು ಹೇಳಿದರೂ "ಓ, ಆ ನಾಯಿಯೋರಾ?" ಎನ್ನುತ್ತಿದ್ದರು. ಪೈರಿಗೆ ಇಪ್ಪತ್ತೈದು ದಿನ ಆಯಿತು, ಇಪ್ಪತ್ತೆಂಟಾಯಿತು. ಮೂವತ್ತೈದು ದಾಟಿದರೆ ಕಡ್ಡಿ ಗಟ್ಟಿಯಾಗುತ್ತದೆ, ಆಮೇಲೆ ನೆಟ್ಟರೂ ಬುಡದಲ್ಲಿ ಹೊಸ ಕವಲು ಬಂದು ತೆಂಡೆ ಒಡೆಯುವುದಿಲ್ಲ. ವರ್ಷದ ಅನ್ನ ಒಟ್ಲಿನಲ್ಲೇ ಮುದುಕಾಗುತ್ತಿತ್ತು.

ಹಿಂದೆ ಆಗಿದ್ದರೆ ಇದೊಂದು ತೊಂದರೆಯೇ ಅಲ್ಲ. ನಾವು ಚಿಕ್ಕವರಿದ್ದಾಗ ಕೂಲಿಗೆ ನಾಟಿ ಹಾಕಿಸಿದವರೇ ಇರಲಿಲ್ಲ, ಎಲ್ಲವೂ ಮುಯ್ಯಿ. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಮುಯ್ಯಾಳಿಗೆ ಕೂಲಿಯಿಲ್ಲ, ಹೊಟ್ಟೆ ತುಂಬ ಊಟ ಉಂಟು. ಯಾರ ಮನೆಯಲ್ಲಿ ಉಂಡೆಯೋ ಅವರು ನಿನಗೆ ಒಂದಾಳು ಬಾಕಿ. ಮಳೆ ಹನಿಯುವಾಗ ಬದುವಿನ ಮೇಲೆ ಮುತ್ತುಗದ ಎಲೆ ಹಾಸಿ ಬಿಸಿ ಮುದ್ದೆ ಇಕ್ಕಿದರೆ, ಅದರ ಹಬೆ ಮುಖಕ್ಕೆ ಬರುತ್ತಿದ್ದ ಆ ಸುಖ ಈಗ ಯಾವ ಹೋಟೆಲಿನಲ್ಲೂ ಇಲ್ಲ. ರೇಣುಕಾಪ್ರಸಾದನ ಅಪ್ಪ ಊರಿಗೇ ಮೊದಲ ಮುಯ್ಯಾಳು. ಅವರು ಇಳಿದರೆ ಗದ್ದೆಯೇ ಹೆದರುತ್ತಿತ್ತು. ಅವರು ಹೋದ ಮೇಲೆ ಮಗ ಒಂದೆರಡು ವರ್ಷ ಮುಯ್ಯಿಗೆ ಹೋದ. ಹೋದ ಕಡೆಯಲ್ಲೂ ಕೊಡೆ ಬಿಚ್ಚಿ ಬದುವಿನ ಮೇಲೆ ನಿಂತ. ಆಮೇಲೆ ಅವನನ್ನು ಒಂದಾಳು ಎಂದು ಹಿಡಿಯುವವರೇ ಇಲ್ಲವಾದರು. ಯಾರೂ ಬೈಯಲಿಲ್ಲ, ಕರೆಯಲಿಲ್ಲ ಅಷ್ಟೆ. ಹಳ್ಳಿಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಇಷ್ಟರಲ್ಲಿ ಒಂದು ಪವಾಡ ನಡೆಯಿತು. ಮ್ಯಾಗಿ ತಣ್ಣಗಾದಳು.

ನಾಟಿ ಕೆಟ್ಟ ದಿನದ ಸಂಜೆಯೇ ರೇಣುಕಾಪ್ರಸಾದ ಮನೆಗೆ ಬಂದಾಗ ಅವಳು ಜಗಲಿಯ ಕೆಳಗೆ ಕಾಲು ಚಾಚಿ ಮಲಗಿದ್ದಳು. ಮುಂದಿನ ಸಂಜೆಯೂ ಹಾಗೆಯೇ. ಕೋಳಿ ಅಡ್ಡ ಬಂದರೆ ಒಂದು ಕಣ್ಣು ತೆರೆದು ಮುಚ್ಚುತ್ತಿದ್ದಳು. ಅವಳ ಎದುರು ಹೆಬ್ಬೆರಳ ಪಕ್ಕದ ಬೆರಳು ಎತ್ತಿ, ದುರುಗುಟ್ಟಿ ನೋಡಿ, "ಶ್!" ಎನ್ನಬೇಕೆಂದು ಚೇತನ್‌ಕುಮಾರ್ ಹೇಳಿಕೊಟ್ಟಿದ್ದ. ರೇಣುಕಾಪ್ರಸಾದ ದಿನಾ ಸಂಜೆ ಬೆರಳು ಎತ್ತುತ್ತಿದ್ದ. ಮಲಗಿದ್ದ ನಾಯಿ ಮಲಗೇ ಇರುತ್ತಿತ್ತು. ಎಲ್ಲ ಬೆರಳಿನ ಮಹಿಮೆ ಎಂದು ಅವನಿಗೆ ಖಾತ್ರಿಯಾಯಿತು.

ಡೈರಿಯ ಮುಂದೆ ಭಾಷಣ ಶುರುವಾಯಿತು. "ಪ್ರಾಣಿಗೆ ಮೊದ್ಲು ನಾವ್ಯಾರು ಅಂತ ಗೊತ್ತಾಗ್ಬೇಕು ಕಣ್ರಪ್ಪ. ಕೂಗಾಡಬಾರ್ದು. ಕಣ್ಣು, ಬೆರಳು. ಅಷ್ಟೇ."

ಜನ ಸಂಜೆ ಹೊತ್ತು ನೋಡಲು ಬರತೊಡಗಿದರು. ಹಾಯುವ ಹಸುವಿಗೆ ಈ ವಿದ್ಯೆ ನಡೆಯುತ್ತದೆಯೇ ಎಂದು ಒಬ್ಬ ಕೇಳಿದ. ಕುಡಿದು ಬರುವ ಗಂಡನಿಗೆ ನಡೆಯುತ್ತದೆಯೇ ಎಂದು ಒಬ್ಬಳು ಕೇಳಿದಳು. "ಬೆರಳು ಒಂದೇ, ನಾಯಿ ಬೇರೆ ಬೇರೆ," ಎಂದ ರೇಣುಕಾಪ್ರಸಾದ ಗಂಭೀರವಾಗಿ.

ಶಿವನಂಜಮ್ಮ ಮಾತ್ರ ಮಗನ ಮುಖ ನೋಡಿ ನೋಡಿ ಸುಮ್ಮನಾಗುತ್ತಿದ್ದರು.

ಕಡೆಗೆ ಅವನು ಒಂದು ಉಪಾಯ ಹೂಡಿದ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮನೆ ಮುಂದೆ ಪ್ರದರ್ಶನ. ಊರಿನವರ ಎದುರು ನಾಯಿ ಎಷ್ಟು ಸಾಧು ಎಂದು ತೋರಿಸುವುದು, ಭದ್ರಮ್ಮನ ಮನಸ್ಸು ತಿರುಗಿಸುವುದು. ಅವಳನ್ನು ಕರೆತರಲು ನಾನೇ ಹೋಗಿದ್ದೆ. "ನಾಯಿ ನೋಡಕ್ ಬತ್ತೀನಿ. ನಾಟೀಗಲ್ಲ," ಎಂದು ಹೇಳಿಯೇ ಬಂದಳು. ಚೇತನ್‌ಕುಮಾರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದ. ನಲವತ್ತು ಜನ ಸೇರಿದ್ದರು.

"ಈಗ ನೋಡಿ," ಎಂದು ರೇಣುಕಾಪ್ರಸಾದ ಕೊಟ್ಟಿಗೆಗೆ ಹೋದ. ಬರಲಿಲ್ಲ. ಪುಷ್ಪಾ ಹೋದಳು, ಅವಳೂ ಬರಲಿಲ್ಲ. ನಾನು ಹೋಗಿ ನೋಡಿದರೆ ಗಂಡ ಹೆಂಡತಿ ಇಬ್ಬರೂ ಗೂಟದ ಮುಂದೆ ನಿಂತಿದ್ದರು. ಗೂಟದಲ್ಲಿ ಮೊಳದುದ್ದ ಕಡಿದ ಹಗ್ಗ. ಪಕ್ಕದ ಮೂಲೆಯಲ್ಲಿ ಅಂಥವೇ ಇನ್ನೂ ಏಳೆಂಟು ತುಂಡು.

"ಭಾವ, ನಾಯಿ ಕಳ್ಳತನ ಆಗದೆ!" ಎಂದಳು ಪುಷ್ಪಾ.

ಜಗಲಿಯಿಂದ ಶಿವನಂಜಮ್ಮನ ದನಿ ಬಂತು. "ಕಳ್ಳತನ ಅಲ್ಲ. ಅದು ಡ್ಯೂಟಿಗೆ ಹೋಗದೆ."

"ಯಾವ ಡ್ಯೂಟಿಗೆ ಅವ್ವ?"

"ನಂಗೇನ್ ಗೊತ್ತು? ನೀವಿಬ್ರೂ ಅತ್ಲಾಗ್ ಹೋದೇಟ್ಗೆ ಅದು ಇತ್ಲಾಗ್ ಹೋಗ್ತದೆ. ಸಂಜೆ ಐದೂವರೆಗೆ ಬತ್ತದೆ. ದಿನಾ ಒಂದೇ ಟೈಮು. ಮೈ ತುಂಬ ಉತ್ತರಾಣಿ ಮುಳ್ಳು, ಬಾಯಲ್ಲಿ ಮಾಂಸದ ಸಾರಿನ ವಾಸ್ನೆ. ಸರ್ಕಾರಿ ನೌಕ್ರಿ ಇರ್ಬೇಕು ಅಂದ್ಕಂಡು, ದಿನಾ ಬೇರೆ ಹಗ್ಗ ಕಟ್ಟಿ ಸುಮ್ನಿದ್ದೆ."

"ನಂಗ್ಯಾಕ್ ಹೇಳ್ಲಿಲ್ಲ?"

"ನೀನು ಬೆರಳು ಎತ್ಕಂಡು ಅಷ್ಟು ಸಂತೋಷ್ವಾಗಿದ್ದೆ. ಯಾಕ್ ಹೇಳ್ಲಪ್ಪ?"

ನಲವತ್ತು ಜನವೂ ಇದನ್ನು ಕೇಳಿಸಿಕೊಂಡರು. ಭದ್ರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಉತ್ತರಾಣಿ ಮುಳ್ಳು ಎಂದ ಮೇಲೆ ಜಾಗ ಯಾವುದೆಂದು ಎಲ್ಲರಿಗೂ ಗೊತ್ತು. ಊರಾಚೆಯ ಗೋಮಾಳ. ರೇಣುಕಾಪ್ರಸಾದ ಮುಂದೆ, ಅವನ ಹಿಂದೆ ಪ್ರದರ್ಶನ ನೋಡಲು ಬಂದಿದ್ದ ಊರು. ಮೆರವಣಿಗೆ ಹೊರಟಿತು.

ದಿಣ್ಣೆ ಹತ್ತಿ ಎಲ್ಲರೂ ಗೋಮಾಳದ ಕಡೆ ಬಗ್ಗಿ ನೋಡಿದೆವು.

ಕೆಳಗೆ ಸಣ್ಣಬೀರಯ್ಯನ ಅರವತ್ತು ಕುರಿಗಳು ಹಸಿರಿನ ಮೇಲೆ ಹರಡಿದ್ದವು. ಸಣ್ಣಬೀರಯ್ಯ ಕಂಬಳಿ ಹಾಸಿ ಕಲ್ಲಿಗೆ ಒರಗಿ ಕೂತಿದ್ದ. ಅವನಿಗೆ ಎಪ್ಪತ್ತರ ಹತ್ತಿರ. ಮಂಡಿ ಕೆಟ್ಟು ಎರಡು ವರ್ಷ ಆಗಿತ್ತು. ಕುರಿ ಹಿಂದೆ ಓಡಲಾರದೆ, ಶ್ರಾವಣದಲ್ಲಿ ಮಾರಿಬಿಡುತ್ತೇನೆ ಎಂದು ಡೈರಿಯಲ್ಲಿ ನನಗೇ ಹೇಳಿದ್ದ. ಈಗ ಅವನು ಕೂತಲ್ಲಿಂದಲೇ ಸಣ್ಣಗೆ ಒಂದು ಸಿಳ್ಳೆ ಹಾಕಿದ. ಮ್ಯಾಗಿ ಗಾಳಿಯ ಹಾಗೆ ಒಂದು ಸುತ್ತು ಬಂದಳು. ಚೆಲ್ಲಿದ ಹಾಲು ತಿರುಗಿ ಪಾತ್ರೆಗೆ ಸೇರಿದ ಹಾಗೆ ಅರವತ್ತು ಕುರಿಗಳು ಒಂದಾದವು. ಕೆಲಸ ಬಲ್ಲವರು ಕೆಲಸ ಮಾಡುವುದನ್ನು ನೋಡಿ ನನಗೆ ತುಂಬ ದಿನವಾಗಿತ್ತು.

"ಕಳ್ಳ!" ಎಂದು ರೇಣುಕಾಪ್ರಸಾದ ದಿಣ್ಣೆ ಇಳಿದ. "ನನ್ ನಾಯಿ ಕದ್ದಿದ್ದೀಯಾ ಬೀರಯ್ಯ?"

ಸಣ್ಣಬೀರಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ನಿಮ್ದೇಯ ಪ್ರಸಾದಪ್ಪ? ನಾನೂ ಅಂಗೇ ಅಂದ್ಕಂಡೆ. ಕತ್ನಲ್ಲಿ ದಿನಾ ಒಂದೊಂದು ತುಂಡು ಅಗ್ಗ ಇರ್ತಿತ್ತು. ಎಲ್ಲಾ ಮಡಗಿವ್ನಿ, ತಗೊಂಡೋಗಿ."

"ಮುದ್ದೆ ಹಾಕಿ ಮರುಳು ಮಾಡಿದ್ದೀಯಾ!"

"ಮುದ್ದೆ ಆಕ್ದೆ. ಊ ಕಣಪ್ಪ, ಆಕ್ದೆ. ಗೇದ ಆಳಿಗೆ ಉಣ್ಣಕ್ ಇಕ್ದೆ ಕಳ್ಸೋ ವಂಸ ಅಲ್ಲ ನಮ್ದು." ಅವನು ಸೊಂಟದಿಂದ ಒಂದು ಉಣ್ಣೆಯ ದಾರ ತೆಗೆದ. ಉದ್ದಕ್ಕೂ ಗಂಟುಗಳಿದ್ದವು. "ಇಕಾ, ಇವತ್ತಿಗೆ ಅನ್ನೆಲ್ಡು ದಿನ. ನಿಮ್ಮನೆ ಆಳು ಅನ್ನೆಲ್ಡು ದಿನ ನನ್ ಕುರಿ ಕಾದದೆ. ಈ ಮುಯ್ಯಿ ಎಂಗಪ್ಪ ತೀರ್ಸದು ಅಂತ ನಾನೇ ಯೋಚ್ನೇಲಿದ್ದೆ."

ನಿಮ್ಮನೆ ಆಳು ಎಂಬ ಮಾತು ರೇಣುಕಾಪ್ರಸಾದನ ಅಪ್ಪ ಸತ್ತ ಮೇಲೆ ಆ ಮನೆಗೆ ಯಾರೂ ಆಡಿರಲಿಲ್ಲ.

ಸುತ್ತ ನಿಂತವರಲ್ಲಿ ಮುದುಕರೆಲ್ಲ ಒಮ್ಮೆಗೇ ಚುರುಕಾದರು. ಮುಯ್ಯಿಯ ಪಂಚಾಯ್ತಿ ನಡೆದು ಹದಿನೈದು ವರ್ಷವಾಗಿತ್ತು. ಪ್ರಶ್ನೆಯೇನೋ ಸಣ್ಣದಲ್ಲ: ನಾಯಿ ಪೂರ್ತಿ ಆಳೋ, ಅರ್ಧ ಆಳೋ?

"ಎಮ್ಮೆ ಕಾಯೋ ಐಕ್ಳಿಗೆ ಅರ್ಧ ಆಳು ಇಡೀತಿದ್ರು. ನಾಯಿಗೂ ಅರ್ಧ," ಎಂದರು ಒಬ್ಬರು.

"ನಾಲ್ಕು ಕಾಲದೆ. ಎಲ್ಡಾಳು," ಎಂದರು ಇನ್ನೊಬ್ಬರು.

"ಸೈಂಟಿಫಿಕ್ಕಾಗಿ ಹೇಳೋದಾದ್ರೆ ಒಂದು ಕೋಲಿ ಮೂರು ಜನಕ್ಕೆ ಸಮ," ಎಂದ ಚೇತನ್‌ಕುಮಾರ್. ಅವನ ಇಸ್ತ್ರಿಯನ್ನು ಯಾರೂ ಗಮನಿಸಲಿಲ್ಲ.

"ಸುಮ್ಕಿರ್ರಿ!" ಭದ್ರಮ್ಮ ಮುಂದೆ ಬಂದಳು. ನಾಟಿಯ ವಿಷಯದಲ್ಲಿ ಅವಳ ಮಾತಿಗೆ ಮೇಲ್ಮನವಿ ಇಲ್ಲ. ಬುತ್ತಿ ತಂದು ಪಕ್ಕದಲ್ಲೇ ಕೂತಿದ್ದ ಸಣ್ಣಬೀರಯ್ಯನ ಹೆಂಡತಿ ತಿಮ್ಮಮ್ಮನ ಕಡೆ ತಿರುಗಿದಳು. "ತಿಮ್ಮಕ್ಕ, ಉಣ್ಣೋದ್ ಎಷ್ಟು?"

"ಒಂದು ಮುದ್ದೆ. ಬಾಡಿನ ಸಾರು ಮಾಡ್ದಾಗ ಒಂದೂವರೆ."

"ನೀನು ಇಕ್ಕಿದ್ಮೇಲೆ ಮಲೀಕತದಾ, ಕೆಲ್ಸ ಮಾಡ್ತದಾ?"

"ಕೈ ತೊಳ್ಕಳಾ ಹೊತ್ಗೆ ಎದ್ದೋಗಿರ್ತದೆ ಕಣವ್ವ."

"ಅಂಗಾರೆ ಪೂರ್ತಿ ಆಳು," ಎಂದಳು ಭದ್ರಮ್ಮ. ರೇಣುಕಾಪ್ರಸಾದನನ್ನು ಒಮ್ಮೆ ನೋಡಿದಳು. "ಈ ಊರಲ್ಲಿ ಮುಯ್ಯಿಗ್ ಓಗಿ ನಿಂತ್ಕಂಡ್ ನೋಡಿದ್ದೋರ್ಗೂ ನಾವು ಮುದ್ದೆ ಇಕ್ಕಿವಿ. ಇದು ಓಡಾಡ್ತದೆ."

ಹನ್ನೆರಡು ದಿನಕ್ಕೆ ಹನ್ನೆರಡಾಳು ಎಂದು ತೀರ್ಮಾನವಾಯಿತು. ಮಂಗಳವಾರ ಬೆಳಿಗ್ಗೆ.

ಮಂಗಳವಾರ ಪೈರಿಗೆ ಮೂವತ್ತನಾಲ್ಕು ದಿನ. ಸಣ್ಣಬೀರಯ್ಯನ ತಮ್ಮಂದಿರು, ಸೊಸೆಯಂದಿರು, ಹುಣಸೂರಿನ ಕಡೆಯಿಂದ ಬಂದ ಅಳಿಯಂದಿರು, ಎಲ್ಲ ಸೇರಿ ಟ್ರ್ಯಾಕ್ಟರಿನಲ್ಲಿ ಬಂದು ಇಳಿದರು. ಮ್ಯಾಗಿಯೂ ಸಣ್ಣಬೀರಯ್ಯನೂ ಕುರಿಯ ಜೊತೆ ಗೋಮಾಳದಲ್ಲೇ ಉಳಿದರು. ಬಂದವರು ರಾಗಿ, ಹುರುಳಿ ಬೆಳೆಯುವ ಜನ, ನಾಟಿ ಅಷ್ಟಾಗಿ ಬಾರದು. ಮೊದಲ ಸಾಲೇ ಹಾವು ಹರಿದ ಹಾಗೆ ಬಂತು. ಭದ್ರಮ್ಮ ಅದನ್ನು ನೋಡಿ ನಗಲೆಂದೇ ಬದುವಿನ ಮೇಲೆ ಬಂದು ನಿಂತಿದ್ದಳು. ಎರಡು ಸಾಲು ಸಹಿಸಿದಳು. ಮೂರನೆಯ ಸಾಲಿಗೆ ಸೀರೆ ಎತ್ತಿ ಕಟ್ಟಿ ಇಳಿದಳು.

"ಏನ್ ಭದ್ರಮ್ಮ, ಈ ಗದ್ದೆಗೆ ಕಾಲಿಕ್ಕಲ್ಲ ಅಂದಿದ್ದೆ?" ಎಂದೆ ನಾನು.

"ನಾಟಿ ಆಕಕ್ಕೆ ಇಳ್ದಿಲ್ಲ ಕಣ್ ಲಿಂಗಣ್ಣ. ಕಣ್ಣಲ್ಲಿ ನೋಡಕ್ಕಾಗ್ದೆ ಇಳ್ದಿವ್ನಿ. ಏಯ್ ಅಳಿಮಯ್ಯ, ಅದು ಪೈರು! ಗೂಟ ಒಡ್ದಂಗೆ ಒಡೀಬ್ಯಾಡ!"

ಆ ಮಾತಿಗೆ ಎಲ್ಲರೂ ನಕ್ಕರು. ಆ ನಗು ಕೆಸರಿನ ಮೇಲೆ ತೇಲಿ ಬಂದದ್ದೇ ತಡ, ದಾರಿಯಲ್ಲಿ ಹೋಗುತ್ತಿದ್ದ ನಮ್ಮೂರಿನ ಇಬ್ಬರು ಮುದುಕಿಯರು ತಡೆಯಲಾರದೆ ಬಂದು ಬದುವಿನ ಮೇಲೆ ಕೂತರು. ಒಬ್ಬಳು ಹಳೆಯ ನಾಟಿ ಪದ ಎತ್ತಿದಳು. ಗದ್ದೆಯೊಳಗಿನಿಂದ ಭದ್ರಮ್ಮ ಸೊಲ್ಲು ಕೊಟ್ಟಳು. ಇಬ್ಬರಿಗೂ ಮುಂದಿನ ಸಾಲು ಮರೆತುಹೋಗಿತ್ತು. ಮೊದಲನೆಯದನ್ನೇ ಮತ್ತೆ ಮತ್ತೆ ಹಾಡಿದರು.

ಮಧ್ಯಾಹ್ನ ಊಟ. ಮುಯ್ಯಾಳಿನ ಊಟವೆಂದು ಶಿವನಂಜಮ್ಮ ಅಟ್ಟದಿಂದ ದೊಡ್ಡ ಹಂಡೆ ಇಳಿಸಿದ್ದರು. ಹುರುಳಿಕಾಳಿನ ಬಸ್ಸಾರು, ಮುದ್ದೆ, ಅನ್ನ, ಹೆಸರುಬೇಳೆ ಪಾಯಸ. ತಾವೇ ಬದುವಿಗೆ ಬಂದು, ಪ್ರತಿಯೊಬ್ಬರ ಮುಂದೆ ಬಗ್ಗಿ ನೋಡಿ ಬಡಿಸಿದರು. ತಿಮ್ಮಮ್ಮನ ಹತ್ತಿರ ಬಂದಾಗ ಅವರ ಕೈ ನಿಂತಿತು.

"ತಿಮ್ಮವ್ವ, ಒಂದ್ ಮಾತು ಕೇಳ್ತೀನಿ. ಅದು ಸೋಮವಾರನೂ ಮಾಂಸ ತಿಂತಾ?"

"ಸಿವ್ನೇ, ಇಲ್ಲ ಕಣವ್ವಾರೆ. ನಿಮ್ಮನೇದು ಅಂತ ಅನುಮಾನ ಇತ್ತು. ಸೋಮ್ವಾರ ಬರೀ ಮಜ್ಗೆ ಇಕ್ಕಿವ್ನಿ."

ಶಿವನಂಜಮ್ಮ ಇನ್ನೊಂದು ಸೌಟು ಪಾಯಸ ಹಾಕಿದರು.

ರೇಣುಕಾಪ್ರಸಾದ ಬೆಳಿಗ್ಗೆ ಅಭ್ಯಾಸದಂತೆ ಬದುವಿನ ಮೇಲೆ ನಿಂತಿದ್ದವನು, ಊಟವಾದ ಮೇಲೆ ನೋಡುವಾಗ ಗದ್ದೆಯೊಳಗಿದ್ದ. ಪೈರಿನ ಕಟ್ಟು ಹೊತ್ತು ಹಂಚುತ್ತಿದ್ದ. ಯಾರೂ ಕರೆಯಲಿಲ್ಲ, ಯಾರೂ ಅದನ್ನು ಎತ್ತಿ ಆಡಲೂ ಇಲ್ಲ.

ಐದು ಗಂಟೆಗೆ ಕೊನೆಯ ಮೂಲೆಯೂ ಹಸಿರಾಯಿತು. ಕೈಕಾಲು ತೊಳೆಯುವಾಗ ನಾನು ತಲೆ ಎಣಿಸಿದೆ. ಭದ್ರಮ್ಮನನ್ನೂ ರೇಣುಕಾಪ್ರಸಾದನನ್ನೂ ಬಿಟ್ಟು ಹದಿಮೂರು.

"ಬೀರಯ್ಯ ಹೇಳಿದ್ದು ಹನ್ನೆರಡಲ್ವಾ? ಒಬ್ರು ಜಾಸ್ತಿ ಆಗವ್ರೆ."

"ನಾನು," ಎಂದಳು ತಿಮ್ಮಮ್ಮ.

"ಪರ್ವಾಗಿಲ್ಲ ತಿಮ್ಮಮ್ಮ," ಎಂದ ರೇಣುಕಾಪ್ರಸಾದ. "ಮ್ಯಾಗಿ ನಾಳೇನೂ ಬತ್ತಾಳೆ. ಒಂದು ದಿನ ಅದ್ರಲ್ಲಿ ಮುರ್ಕಳ್ಳಿ."

ತಿಮ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಯಿ ಮುಯ್ಯಿ ಅನ್ನೆಲ್ಡಕ್ಕೆ ತೀರ್ತು ಪ್ರಸಾದಪ್ಪ. ನಾನು ನಾಯಿಗೆ ಬಂದೋಳಲ್ಲ. ಪೈರು ಮುದ್ಕಾಯ್ತದೆ ಅಂತ ನೀವು ಊರೂರು ತಿರ್ಗಿದ್ರಲ್ಲ, ಅದಕ್ಕೆ ನಿಮಗೇಂತ ಬಂದೆ. ನನ್ ಮುಯ್ಯಿಗೆ ನೀವೇ ಬರ್ಬೇಕು. ಗುರ್ವಾರ ಇವ್ರು ಮಂಡಿ ತೋರ್ಸಕ್ಕೆ ಆಸ್ಪತ್ರೆಗೆ ಓಯ್ತಾರೆ."

ಅವನಿಗೆ ಕೂಲಿ ಕೊಟ್ಟು ಮುಗಿಸುವ ದಾರಿಯಿತ್ತು. ನಾನೇ ಕಿವಿಯಲ್ಲಿ ಹೇಳಿದೆ. ಅವನು ನನ್ನ ಮುಖ ನೋಡಿ, "ನನಗೇಂತ ಬಂದವ್ಳೆ ಕಣೋ ಲಿಂಗಣ್ಣ," ಎಂದ. ಅಷ್ಟೇ.

ಈಗ ನಮ್ಮ ಬಯಲಿನಲ್ಲಿ ನಾಟಿ ಹಾಕುವುದು ಯಂತ್ರ. ಎರಡು ಗಂಟೆಗೆ ಒಂದು ಎಕರೆ. ಸಾಲು ಗೆರೆ ಎಳೆದ ಹಾಗೆ ಬರುತ್ತದೆ. ಭದ್ರಮ್ಮ ಬದುವಿನ ಮೇಲೆ ನಿಂತು ತಪ್ಪು ಹುಡುಕುತ್ತಾಳೆ, ಸಿಕ್ಕುವುದಿಲ್ಲ, ಬೇಜಾರು ಮಾಡಿಕೊಂಡು ಮನೆಗೆ ಹೋಗುತ್ತಾಳೆ. ಸಣ್ಣಬೀರಯ್ಯ ಅಂದು ಮಾರಬೇಕೆಂದಿದ್ದ ಕುರಿಗಳನ್ನು ಇನ್ನೂ ಮೂರು ವರ್ಷ ಮೇಯಿಸಿದ. ಅವನು ಈಗಿಲ್ಲ. ಮ್ಯಾಗಿಯ ಮೂತಿ ಬೆಳ್ಳಗಾಗಿದೆ. ಅವಳು ಹಗಲು ತಿಮ್ಮಮ್ಮನ ಮನೆಯಲ್ಲಿ, ರಾತ್ರಿ ರೇಣುಕಾಪ್ರಸಾದನ ಮನೆಯಲ್ಲಿ. ಯಾರ ನಾಯಿ ಎಂದು ಯಾರೂ ಕೇಳುವುದಿಲ್ಲ. ಡೈರಿಯ ಕೆಲಸ ನಾನೂ ಬಿಟ್ಟೆ. ಆದರೆ ಆ ಗುರುವಾರದ ಸಂಜೆ ಇನ್ನೂ ಕಣ್ಣ ಮುಂದಿದೆ.

ಹಾಲು ಹಾಕುವ ಹೊತ್ತು. ಊರೆಲ್ಲ ಕ್ಯಾನು ಹಿಡಿದು ಡೈರಿಯ ಮುಂದೆ ನಿಂತಿತ್ತು. ಗೋಮಾಳದ ದಾರಿಯಲ್ಲಿ ಧೂಳೆದ್ದಿತು. ಅರವತ್ತು ಕುರಿಗಳು ಒತ್ತೊತ್ತಾಗಿ ಬರುತ್ತಿದ್ದವು. ಅವುಗಳ ನಟ್ಟನಡುವೆ, ಹೆಗಲಿಗೆ ಸಣ್ಣಬೀರಯ್ಯನ ಕಂಬಳಿ ಹಾಕಿಕೊಂಡು, ತಲೆಯಲ್ಲಿ ಉತ್ತರಾಣಿ ಮುಳ್ಳು ಸಿಕ್ಕಿಸಿಕೊಂಡು, ರೇಣುಕಾಪ್ರಸಾದ ಬರುತ್ತಿದ್ದ. ಎಲ್ಲರ ಹಿಂದೆ ಮ್ಯಾಗಿ.

"ಏನ್ ಪ್ರಸಾದಪ್ಪ, ಎಂಗಿತ್ತು ಕುರಿ ಕಾಯೋದು?" ಎಂದು ಭದ್ರಮ್ಮ ಕೂಗಿದಳು.

ಅವನು ಉತ್ತರ ಹೇಳಲು ನಿಂತ. ಮ್ಯಾಗಿ ಬಲಗಡೆಯಿಂದ ಒಂದು ಸುತ್ತು ಬಂದು, ಅವನ ಹಿಮ್ಮಡಿಯ ಹತ್ತಿರ ಮೂತಿ ತಂದು, ಒಮ್ಮೆ ನೋಡಿದಳು. ಅವನು ಬೆರಳು ಎತ್ತಿದ. ಮ್ಯಾಗಿ ಇನ್ನೊಮ್ಮೆ ನೋಡಿದಳು. ಅವನು ಬೆರಳು ಇಳಿಸಿ ಕುರಿಗಳ ಜೊತೆ ನಡೆದ.

ಕತ್ತಲಾದರೂ ಬರಲಿಲ್ಲವೆಂದು ಪುಷ್ಪಾ ನನ್ನನ್ನು ಕಳಿಸಿದಳು. ಕುರಿದೊಡ್ಡಿಯ ತಡಿಕೆ ಹಾಕಿತ್ತು, ಆಚೆ ಮ್ಯಾಗಿ ಕಾವಲು ಕೂತಿದ್ದಳು. ಒಳಗೆ ಕುರಿಗಳ ನಡುವೆ ರೇಣುಕಾಪ್ರಸಾದ ಕಾಲು ಮಡಿಸಿ ಕೂತು ಉಣ್ಣುತ್ತಿದ್ದ. ಅವನಿಗೆಂದೇ ಬೇರೆ ಮಡಕೆಯಲ್ಲಿ ಮಾಡಿದ ಸೊಪ್ಪಿನ ಸಾರು. ತಿಮ್ಮಮ್ಮ ತಡಿಕೆಯ ಮೇಲಿನಿಂದ ಕೈ ಚಾಚಿ ಎರಡನೆಯ ಮುದ್ದೆ ಇಕ್ಕುತ್ತಿದ್ದಳು.

"ಅದು ಹೊರಕ್ಕೆ ಬುಡ್ತಾ ಇಲ್ಲ ಲಿಂಗಣ್ಣ," ಎಂದ ಅವನು.

"ನಾನು ಮ್ಯಾಗೀನ ಹಿಡ್ಕತೀನಿ, ನೀನು ದಾಟ್ಕಂಡು ಬಾ."

"ಬತ್ತೀನಿ ಇರು," ಎಂದು ಅವನು ಮುದ್ದೆ ಮುರಿದ. "ಅವಸ್ರ ಏನು?"